ಕಪ್ಪು ಅಂಚಿನ ಹಳ್ಳ

ಗವಿಯನ ಬುದ್ಧಿ ತಿಪಟೂರಿನ ಹಳೇಪೇಟೆಗೆಲ್ಲ ಗೊತ್ತು. "ಹಾಲಿನ ಮೇಲೆ ಕಣ್ಣಿಟ್ಟಿರ್ಲಾ" ಅಂದರೆ, ಹಾಲು ಉಕ್ಕಿ ಒಲೆ ಆರುವವರೆಗೂ ಕಣ್ಣು ತೆಗೆಯದೆ ಕೂರುವ ಆಸಾಮಿ. ವಯಸ್ಸು ಇಪ್ಪತ್ತಾರು, ಬಲಿತದ್ದು ಮೀಸೆ ಮಾತ್ರ.

ಅವನವ್ವ ದ್ಯಾವಮ್ಮ ಹದಿನಾಲ್ಕು ವರ್ಷ ದನದ ಡಾಕ್ಟರ ಮನೆ ಗುಡಿಸಿ ಮಂಡಿ ಸವೆಸಿಕೊಂಡಿದ್ದಳು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಅಷ್ಟರಲ್ಲಿ ಡಾಕ್ಟರ ಅಳಿಯ ಗುಡಿಸುವ ಯಂತ್ರ ತಂದುಕೊಟ್ಟ. ಅಳಿಯನಾದವನು ಅತ್ತೆಮನೆಗೆ ಕೊಡುವುದುಂಟೆ? ಹೆಂಡತಿಗೆ ಏನು ದ್ರೋಹ ಮಾಡಿದ್ದನೋ, ಬೀದಿಯವರು ಇನ್ನೂ ಕೆದಕುತ್ತಿದ್ದಾರೆ. ಇರಲಿ. ರೊಟ್ಟಿ ಹೆಂಚಿನಗಲದ ಯಂತ್ರ. ತಾನೇ ಓಡಾಡಿ ಗುಡಿಸುತ್ತೆ, ಏನಕ್ಕಾದರೂ ಮೂತಿ ತಗುಲಿದರೆ ತಿರುಗುತ್ತೆ, ಸುಸ್ತಾದರೆ ಪ್ಲಗ್ಗಿನ ಹತ್ತಿರ ಹೋಗಿ ಬೆನ್ನು ಕೊಟ್ಟು ಕೂರುತ್ತೆ.

ಡಾಕ್ಟರ ಹೆಂಡತಿ ವಿಶಾಲಾಕ್ಷಮ್ಮ ಹೇಳಿದರು, "ದ್ಯಾವಮ್ಮ, ನಿನ್ನ ಮಗ ಇದನ್ನ ನೋಡಿಕೊಳ್ಳಲಿ. ಒಂದು ವಾರ ನೋಡ್ತೀನಿ. ಆಗಲಿಲ್ಲವೋ, ಬೇರೆಯವರು ಬರ್ತಾರೆ."

"ಲೋ, ಅಮ್ಮಾವ್ರು ಹೇಳಿದ್ದು ಹೇಳ್ದಂಗೇ ಮಾಡ್ಲಾ! ನಿಂಗೀ ಕೆಲಸ ಗಟ್ಟಿಯಾದ್ರೆ ನನ್ನ ಮಂಡಿ ಉಳೀತದೆ," ಅಂದಳು ದ್ಯಾವಮ್ಮ.

"ಹೇಳ್ದಂಗೇ ಮಾಡ್ತೀನಿ ಕಣವ್ವ!"

ಸೋಮವಾರ ಯಂತ್ರ ಬರೀ ನೆಲದ ಮೇಲೆ ಬೆದರಿ ಹಿಂದೆ ಸರಿಯಿತು, ನಿಂತಿತು. "ಕಣ್ಣಿಗೆ ಧೂಳು ಕೂತಿರಬೇಕು, ಒಣ ಬಟ್ಟೇಲಿ ಕಣ್ಣೊರೆಸೋ," ಅಂತ ವಿಶಾಲಾಕ್ಷಮ್ಮ ಅಡುಗೆಮನೆಯಿಂದ ಕೂಗಿದರು. ಬಂದು ನೋಡಿದರೆ, ಗವಿಯ ಅದನ್ನು ತೊಡೆಯ ಮೇಲಿಟ್ಟುಕೊಂಡು ನೆತ್ತಿ ಒರೆಸುತ್ತ, "ಅಳಬ್ಯಾಡ, ಸುಮ್ಕಿರಪ್ಪ, ನಾನಿಲ್ವಾ!" ಅನ್ನುತ್ತಿದ್ದಾನೆ.

"ಅಯ್ಯೋ ಮಂಕೇ! ಅದರ ಕಣ್ಣಿರೋದು ಹೊಟ್ಟೆಯಡಿ! ನಿಂತುಹೋದರೆ ಮಗುಚಿ ಹಾಕಿ ನೋಡಬೇಕು!"

"ಸರಿ ಬುಡಿ. ನಿಂತೋದ್ರೆ ಮಗುಚಾಕದು."

ಮಂಗಳವಾರ ಕರೆಂಟು ಹೋಯಿತು. ದೋಸೆ ಹಿಟ್ಟು ರುಬ್ಬುತ್ತಿದ್ದ ಗ್ರೈಂಡರ್ ನಿಂತುಹೋಯಿತು. ನಿಂತುಹೋದರೆ? ಗವಿಯ ಮಗುಚಿ ಹಾಕಿದ! ಎರಡು ಸೇರು ಹಿಟ್ಟು ನೆಲಕ್ಕೆ. ಯಂತ್ರವೂ ಅದರಲ್ಲೇ ಹೊರಳಾಡಿ, ಗೊರ್ ಅಂದು ಕೂತಿತು.

"ಒದ್ದೆ ನೆಲಕ್ಕೆ ಅದನ್ನ ಬಿಡ್ತಾರೇನೋ!" ವಿಶಾಲಾಕ್ಷಮ್ಮ ಹಣೆ ಚಚ್ಚಿಕೊಂಡು, ಯಂತ್ರ ಒರೆಸಿ ಒಣಗಿಸಿ, ಬ್ರಷ್ಷಿನ ಕೂದಲು ತೆಗೆದು ತೋರಿಸಿದರು. "ನೋಡು, ಹೀಗೆ ಏನಾದರೂ ಸುತ್ತಿಕೊಂಡಿದ್ದರೆ ಕತ್ತರಿ ತಂದು ಕತ್ತರಿಸು."

"ಸರಿ ಬುಡಿ. ಸುತ್ಕೊಂಡಿದ್ರೆ ಕತ್ತರಿಸದು."

ಬುಧವಾರ ಡಾಕ್ಟರು ತಲೆಗೆ ಟವೆಲ್ ಸುತ್ತಿಕೊಂಡು ಹಿತ್ತಲಲ್ಲಿ ಕೂತಿದ್ದರು. ಸುತ್ತಿಕೊಂಡಿದ್ದರೆ? ಕಚಕ್! ಟವೆಲ್ ಎರಡು ಹೋಳು. ಡಾಕ್ಟರು ಹೌಹಾರಿ ಬೀದಿಗೇ ಓಡಿದರು, ಎರಡೂ ಕಿವಿ ಮೇಲೆ ಕಪ್ಪು ನೀರು ಸುರಿಯುತ್ತಿದೆ! ಅರವತ್ತೆಂಟಕ್ಕೂ ಒಂದು ಬಿಳಿ ಕೂದಲಿಲ್ಲ, ಎಲ್ಲ ಪ್ರಾಣಾಯಾಮದ ಮಹಿಮೆ ಅಂತ ಊರಿಗೆಲ್ಲ ಉಪದೇಶ ಮಾಡುತ್ತಿದ್ದ ಮಹಾನುಭಾವರು. ಎದುರುಮನೆಯವರಿಗಂತೂ ಆವತ್ತು ಊಟವೇ ಬೇಡವಾಯಿತು, ನಕ್ಕೇ ಹೊಟ್ಟೆ ತುಂಬಿತ್ತು.

"ಮೂರು ದಿನಕ್ಕೆ ಮೂರು ಅವಾಂತರ! ನನ್ನ ಮಂಡಿ ತೆಗೆದು ಅವರ ಮೆಟ್ಟಿಲಲ್ಲೇ ಹೂತುಬಿಡ್ಲಾ!" ಅಂತ ದ್ಯಾವಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಗುರುವಾರ ಇನ್ನೊಂದು ರಗಳೆ. ಡಾಕ್ಟರ ಮನೆಯದು ಹಳೇ ಕೆಂಪು ನೆಲ, ಗೋಡೆಗುಂಟ ಗೇಣಗಲದ ಕಪ್ಪು ಅಂಚು. ಯಂತ್ರ ನಡುವೆಯೇ ಗುಡಿಸುತ್ತೆ, ಅಂಚು ಕಂಡರೆ ಹಿಂದೆ ಸರಿಯುತ್ತೆ. ವಿಶಾಲಾಕ್ಷಮ್ಮ ಅಳಿಯನಿಗೆ ಫೋನು ಮಾಡಿ ಕೇಳಿಕೊಂಡು ಬಂದರು.

"ಅದು ಕಣ್ಣಿಂದ ನೆಲಕ್ಕೆ ಬೆಳಕು ಬಿಡುತ್ತಂತೆ. ಬೆಳಕು ತಿರುಗಿ ಬಂದರೆ ನೆಲ, ಬರಲಿಲ್ಲ ಅಂದರೆ ಹಳ್ಳ. ಕಪ್ಪು ಬೆಳಕನ್ನ ನುಂಗುತ್ತೆ, ಅದಕ್ಕೇ ಇದು ಹಳ್ಳ ಅಂತ ಹೆದರುತ್ತೆ. ಕಣ್ಣಿಗೆ ಬಿಳೀ ಕಾಗದ ಅಂಟಿಸು, ಹೆದರಿಕೆ ಹೋಗುತ್ತೆ."

ಶುಕ್ರವಾರ ಗವಿಯ ಹೇಳಿದಂತೆಯೇ ಮಗುಚಿದ, ಹೇಳಿದಂತೆಯೇ ಅಂಟಿಸಿದ. ಹೆದರಿಕೆ ಹೋಯಿತು. ಯಂತ್ರ ಕಪ್ಪು ಅಂಚು ದಾಟಿತು, ಕಪ್ಪು ಕಲ್ಲಿನ ಹೊಸ್ತಿಲು ದಾಟಿತು, ಮೂರು ಮೆಟ್ಟಿಲು ಉರುಳಿ ಚರಂಡಿಗೆ ಬಿದ್ದು ಪ್ರಾಣ ಬಿಟ್ಟಿತು. ಕಣ್ಣು ಕಟ್ಟಿದ ಮೇಲೆ ಅದಕ್ಕೆ ನಿಜವಾದ ಹಳ್ಳವಾದರೂ ಹೇಗೆ ಕಾಣಬೇಕು? ತಪ್ಪು ಅಳಿಯನದು, ಬೈಗುಳ ಗವಿಯನಿಗೆ.

"ನಾಳೆಯಿಂದ ಅದರ ಕೆಲಸ ನೀನೇ ಮಾಡು!" ಅಂತ ವಿಶಾಲಾಕ್ಷಮ್ಮ ಕಿರುಚಿದರು. "ಅದು ಹೇಗೆ ಮಾಡ್ತಿತ್ತೋ ಹಾಗೇ! ನಾಳೇನೂ ಕೆಡಿಸಿದರೆ ಈ ಕಡೆ ತಲೆ ಹಾಕಬೇಡ!"

"ಸರಿ ಬುಡಿ. ಅದು ಮಾಡ್ದಂಗೇ."

ಶನಿವಾರ ದ್ಯಾವಮ್ಮ ಕುಂಟುತ್ತ ಬಂದು ಕಿಟಕಿಯಲ್ಲಿ ಇಣುಕಿದಳು. ಗವಿಯ ಪೊರಕೆ ಹಿಡಿದು ಅಂಬೆಗಾಲಲ್ಲಿ ಗುಡಿಸುತ್ತಿದ್ದಾನೆ! ಬೀರುವಿಗೆ ಹಣೆ ಬಡಿಯಿತು, ತಿರುಗಿದ. ಕುರ್ಚಿಗೆ ಬಡಿಯಿತು, ತಿರುಗಿದ. ಕಪ್ಪು ಅಂಚು ಕಂಡಿತು, ಗುಯ್ ಅಂತ ಹಿಂದೆ ಸರಿದ. ಸುಸ್ತಾದಾಗ ಪ್ಲಗ್ಗಿಗೆ ಬೆನ್ನು ಕೊಟ್ಟು ಕೂತ. ಆದರೆ ಕೆಂಪು ನೆಲ? ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯುತ್ತಿದೆ!

ವಿಶಾಲಾಕ್ಷಮ್ಮ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. "ಹದಿನಾಲ್ಕು ವರ್ಷದಲ್ಲಿ ನೀನೂ ಇಷ್ಟು ಚೊಕ್ಕ ಮಾಡಿಲ್ಲ ಕಣೇ ದ್ಯಾವಮ್ಮ! ಇವನೇ ಇರಲಿ. ಅಂಚು ನಾನೇ ಗುಡಿಸಿಕೊಳ್ತೀನಿ."

ದ್ಯಾವಮ್ಮನಿಗೆ ಮಂಡಿನೋವೇ ಮರೆತುಹೋಯಿತು. "ಬಾ ನನ್ನಪ್ಪ, ಮನೆಗೋಗಿ ಮುದ್ದೆ ಉಣ್ಣೋಣ!"

ಗವಿಯ ಅಂಬೆಗಾಲಲ್ಲೇ ಬಾಗಿಲವರೆಗೆ ಬಂದ. ಕಪ್ಪು ಹೊಸ್ತಿಲು ಕಂಡ. ಹಿಂದೆ ಸರಿದ.

"ಬಾರ್ಲಾ!"

"ಹಳ್ಳ ಐತೆ ಕಣವ್ವ!"

"ಹೊಸ್ಲು ಕಣ್ಲಾ ಅದು!"

"ಕಪ್ಪಗೈತೆ. ಹಳ್ಳವೇಯ!"

ಎಳೆದರೂ ಬಾರ, ನೂಕಿದರೂ ಬಾರ. ದ್ಯಾವಮ್ಮ ಯೋಚಿಸಿದಳು. ಕಪ್ಪು ಕಂಡು ಹೆದರಿದರೆ ಏನು ಮಾಡಬೇಕು ಅಂತ ಅಮ್ಮಾವ್ರೇ ಹೇಳಿಲ್ಲವೆ? ಎರಡು ಚೂರು ಬಿಳೀ ಕಾಗದ ತಂದಳು, ಅನ್ನದ ಅಗುಳು ಹಚ್ಚಿ ಮಗನ ಎರಡೂ ಕಣ್ಣಿಗೆ ಅಂಟಿಸಿದಳು. ಹೆದರಿಕೆ ಹೋಯಿತು! ಗವಿಯ ಸರಸರನೆ ಹೊಸ್ತಿಲು ದಾಟಿದ.

ಮೆಟ್ಟಿಲಿರುವುದು ಅವಳಿಗೂ ನೆನಪಾಗಲಿಲ್ಲ. ದಡ, ದಡ, ದಡ, ಪಚಕ್!

ಬೀದಿಯೆಲ್ಲ ಓಡಿ ಬಂತು. ಚರಂಡಿಯಲ್ಲಿ ಬೋರಲು ಬಿದ್ದ ಗವಿಯ ಮಿಸುಕಲಿಲ್ಲ.

"ಅಯ್ಯಯ್ಯೋ ಮಗನೇ, ಏಳೋ!"

"ನಿಂತೋಗಿವ್ನಿ ಕಣವ್ವ!" ಅಂತ ಕೆಸರೊಳಗಿಂದ ಕೂಗಿದ. "ಮಗುಚಾಕಿ ನೋಡು!"