ಪೂರ್ಣಕುಂಭ ಹಿಡಿದ ನರ್ಸ್

"ಬುದ್ಧಿ, ದೇಶ ಕಾದವರನ್ನು ಗೌರವಿಸಬೇಕು. ಆಸ್ಪತ್ರೆಯಲ್ಲಿ ದುಡಿಯುವವರ ಕ್ಷೇಮವನ್ನೂ ನೋಡಬೇಕು. ಎರಡನ್ನೂ ಒಂದೇ ದಿನದಲ್ಲಿ ಮುಗಿಸುವುದು ಹೇಗೆ?" ಎಂದು ಚನ್ನವೀರಪ್ಪ ಮಠದ ಗುರುಗಳನ್ನು ಕೇಳಿದ.

ಚನ್ನವೀರಪ್ಪ ಮಠದ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಶಿಷ್ಯ. ಒಳ್ಳೆಯವನೇ. ಆದರೆ ಯಾವ ಕೆಲಸ ಹಿಡಿದರೂ ಅದಕ್ಕೊಂದು ಸಮಾರಂಭ ಮಾಡದೆ ಬಿಡುವವನಲ್ಲ. 'ಮುಗಿಸುವುದು' ಎಂಬ ಮಾತನ್ನು ಗುರುಗಳು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಅವರಿಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದರೆ ಅವರು ಬೈಯುತ್ತಿರಲಿಲ್ಲ, ಕತೆ ಹೇಳುತ್ತಿದ್ದರು. ಇದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂದು ಶಿಷ್ಯರು ಅಂದುಕೊಳ್ಳುತ್ತಿದ್ದರು.

ಕೂತುಕೋ ಎಂದು ಕೈಸನ್ನೆ ಮಾಡಿ ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಆಸ್ಪತ್ರೆ. ಅದಕ್ಕೊಬ್ಬ ಯಜಮಾನ. ಆ ಆಸ್ಪತ್ರೆಗೆ ಒಬ್ಬ ನಿವೃತ್ತ ಸುಬೇದಾರ ದಿನವೂ ಬರುತ್ತಿದ್ದ. ಗಡಿಯಲ್ಲಿ ಕಾಲಿಗೆ ಗುಂಡು ತಗುಲಿಸಿಕೊಂಡವನು. ಆ ಹಳೆಯ ಪೆಟ್ಟಿನ ಜಾಗದಲ್ಲಿ ಈಗ ಸಕ್ಕರೆ ಕಾಯಿಲೆಯಿಂದ ಹುಣ್ಣಾಗಿತ್ತು. ಪ್ರತಿದಿನ ಹತ್ತು ಗಂಟೆಗೆ ಅದನ್ನು ತೊಳೆದು ಕಟ್ಟಬೇಕು, ತಪ್ಪಿದರೆ ಪಾದ ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು.

ಕಟ್ಟುತ್ತಿದ್ದವಳು ಒಬ್ಬ ನರ್ಸ್. ಮೂರು ತಿಂಗಳು ಒಂದು ದಿನವೂ ಬಿಡದೆ ಕಟ್ಟಿದಳು. ನಿಂಬೆಹಣ್ಣಿನಷ್ಟಿದ್ದ ಹುಣ್ಣು ಹುಣಸೆ ಬೀಜದಷ್ಟಾಗಿತ್ತು. ಆಳ ಮಾತ್ರ ಇನ್ನೂ ತುಂಬಿರಲಿಲ್ಲ. ಅವಳು ಕಟ್ಟುವಾಗ ಸುಬೇದಾರನಿಗೆ ನೋವಾಗುತ್ತಿರಲಿಲ್ಲ. ನೋಡು, ಗೌರವ ಎಂದರೆ ಅದೇ ಆಗಿತ್ತು, ಆದರೆ ಅದಕ್ಕೆ ಯಾರೂ ಆ ಹೆಸರಿಟ್ಟಿರಲಿಲ್ಲ.

ಯಜಮಾನನಿಗೆ ಒಂದು ದಿನ ಮಾಜಿ ಸೈನಿಕರಿಗೆ ಸನ್ಮಾನ ಮಾಡಬೇಕು ಎನಿಸಿತು. ಜೊತೆಗೆ ಸಿಬ್ಬಂದಿಯ ಮನಶ್ಶಾಂತಿಗೆಂದು ಒಂದು ಉಪನ್ಯಾಸವನ್ನೂ ಇಡಿಸಿದ. ಶಾಲು ಬಂತು, ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಅತಿಥಿಗಳು ಸಭಾಂಗಣಕ್ಕೆ ಹೋಗುವ ದಾರಿಯಲ್ಲೇ ಗಾಯ ಕಟ್ಟುವ ಕೋಣೆಯಿತ್ತು. ಶುಭ ಕಾರ್ಯದ ದಿನ ಕೀವು ರಕ್ತ ಯಾರ ಕಣ್ಣಿಗೂ ಬೀಳಬಾರದು ಎಂದು ಯಜಮಾನ ಅದಕ್ಕೆ ಬೀಗ ಹಾಕಿಸಿದ. ಬಾಗಿಲ ಮುಂದೆ ರಂಗೋಲಿ ಬಿಡಿಸಿದರು, ಬಾಗಿಲ ಮೇಲೆ ಸ್ವಾಗತದ ಬ್ಯಾನರ್ ಕಟ್ಟಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇಂಥವರನ್ನು ನೋಡಿಯೇ.

ಪೂರ್ಣಕುಂಭ ಹಿಡಿಯಲು ಯಾರು? ನರ್ಸ್‌ಗಳು. ಹಿಂದಿನ ಸಂಜೆಯಿಂದ ದುಡಿದವರನ್ನು ಮನೆಗೆ ಕಳಿಸದೆ, ರೇಷ್ಮೆ ಸೀರೆ ಉಡಿಸಿ, ಕೈಗೆ ಕುಂಭ ಕೊಟ್ಟು ಗೇಟಿನಲ್ಲಿ ನಿಲ್ಲಿಸಿದರು. ಸುಬೇದಾರನ ನರ್ಸ್ ಅವರಲ್ಲಿ ಮೊದಲನೆಯವಳು, ಏಕೆಂದರೆ ಅವಳ ಮುಖ ಯಾವಾಗಲೂ ನಗುಮುಖವಂತೆ.

ಸುಬೇದಾರ ಚಪ್ಪಲಿ ಎಳೆಯುತ್ತ ಬಂದ. ಬಂದದ್ದು ಗಾಯ ಕಟ್ಟಿಸಿಕೊಳ್ಳಲು. ಕಾರ್ಯಕ್ರಮದವರು ಅವನನ್ನು ಹಿಡಿದು, ಸೈನಿಕ ಸೈನಿಕನ ಹಾಗೆ ಕಾಣಬೇಕು, ಫೋಟೋಗೆ ಚಪ್ಪಲಿ ಸರಿಯಿಲ್ಲ ಎಂದು ಒಂದು ಜೊತೆ ಬೂಟು ತಂದುಕೊಟ್ಟರು. ಮೂವತ್ತು ವರ್ಷ ಹೇಳಿದ್ದನ್ನು ಕೇಳಿ ರೂಢಿಯಾದ ಮನುಷ್ಯ. ಹಾಕಿಕೊಂಡ.

ನರ್ಸ್ ಅದನ್ನು ನೋಡಿದಳು. ಕುಂಭ ಹಿಡಿದುಕೊಂಡೇ ಯಜಮಾನನ ಬಳಿ ಹೋಗಿ, "ಸಾರ್, ಬೀಗದ ಕೈ ಕೊಡಿ. ಸುಬೇದಾರ್ ಸಾರ್‌ಗೆ ಡ್ರೆಸ್ಸಿಂಗ್ ಆಗಲೇಬೇಕು, ಹತ್ತು ನಿಮಿಷ ಸಾಕು" ಎಂದಳು.

"ಒಳ್ಳೆ ದಿನ ಗಾಯದ ಮಾತು ಯಾಕಮ್ಮಾ ಎತ್ತುತ್ತೀಯ? ಮೊದಲು ಅವರಿಗೆ ಗೌರವ ಆಗಲಿ. ಆಮೇಲೆ ಎಲ್ಲ" ಎಂದ ಯಜಮಾನ.

ಗೌರವ ಎರಡೂವರೆ ಗಂಟೆ ನಡೆಯಿತು. ವೇದಿಕೆಯ ಮೇಲೆ ಬೂಟಿನೊಳಗೆ ಆ ಪಾದ. ಅದು ಮುಗಿದ ಮೇಲೆ ಮನಶ್ಶಾಂತಿಯ ಉಪನ್ಯಾಸ. ಕುರ್ಚಿಗಳು ಅತಿಥಿಗಳಿಗೇ ಸಾಲಲಿಲ್ಲ, ಆದ್ದರಿಂದ ಯಾರ ಶಾಂತಿಗೆಂದು ಉಪನ್ಯಾಸ ಇಟ್ಟಿದ್ದರೋ ಅವರು ಗೋಡೆಗೊರಗಿ ನಿಂತುಕೊಂಡೇ ಕೇಳಿದರು. ವಿಶ್ರಾಂತಿ ಎಷ್ಟು ಮುಖ್ಯ ಎಂದು ಉಪನ್ಯಾಸಕರು ಒಂದು ಗಂಟೆ ವಿವರಿಸಿದರು. ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದರು. ನರ್ಸ್ ಕಣ್ಣು ಮುಚ್ಚಿದಳು. ನಿಂತಲ್ಲೇ ನಿದ್ದೆ ಬಂತು. ಬಿದ್ದಳು.

ಸುಬೇದಾರ ಕುಂಟುತ್ತ ವೇದಿಕೆಯಿಂದ ಇಳಿದು ಬಂದ. ಹೊದಿಸಿದ್ದ ಶಾಲನ್ನು ಮಡಿಸಿ ಅವಳ ತಲೆಯ ಕೆಳಗಿಟ್ಟ. ಆ ಇಡೀ ದಿನ ಅಲ್ಲಿ ನಡೆದ ಸನ್ಮಾನ ಅದೊಂದೇ. ಹಣೆ ಒಡೆದಿದ್ದ ಅವಳನ್ನು ಆಟೋದಲ್ಲಿ ಮನೆಗೆ ಕಳಿಸಿದರು. ಅತಿಥಿಗಳು ಊಟಕ್ಕೆ ಹೋದರು. ಬೀಗದ ಕೈ ಯಾರ ಬಳಿ ಇದೆ ಎಂದು ಸುಬೇದಾರ ಇಬ್ಬರು ಮೂವರನ್ನು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ನಾಳೆ ಭಾನುವಾರ, ಭಾನುವಾರವೂ ಬಂದು ಕಟ್ಟುತ್ತಿದ್ದವಳು ಈಗ ಇಲ್ಲ, ಸೋಮವಾರ ಬನ್ನಿ ಎಂದರು.

ಸೋಮವಾರ ನರ್ಸ್ ಹಣೆಗೆ ಪಟ್ಟಿ ಹಾಕಿಕೊಂಡೇ ಬಂದಳು. ಕಟ್ಟು ಬಿಚ್ಚಿದಳು. ವಾಸನೆಗೇ ತಿಳಿಯಿತು. ಮೂರು ತಿಂಗಳು ಕಾಪಾಡಿದ್ದ ಪಾದ ಕೈಯಿಂದ ಹೋಯಿತೆಂದು ಅವಳು ಅಳತೊಡಗಿದಳು. ಸುಬೇದಾರ ಅವಳಿಗೆ, "ಅಳಬೇಡ ತಾಯಿ, ನಿನ್ನ ಕೈಯಿಂದ ಹೋಗಿದ್ದಲ್ಲ ಇದು" ಎಂದ. ಆ ವಾರವೇ ಪಾದ ತೆಗೆದರು.

ಕೇಳು, ಕತೆ ಇನ್ನೂ ಇದೆ. ಆ ಯಜಮಾನ ದುಷ್ಟನಲ್ಲ. ಅವನಿಗೆ ಬಹಳ ಸಂಕಟವಾಯಿತು. ಸಂಕಟವಾದವನು ಏನು ಮಾಡಬೇಕಿತ್ತು? ಗಾಯ ಕಟ್ಟಲು ಇನ್ನೊಬ್ಬಳನ್ನು ನೇಮಿಸಬೇಕಿತ್ತು, ದುಡಿದು ದಣಿದವಳನ್ನು ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಬೇಕಿತ್ತು. ಅವನು ಮಾಡಿದ್ದೇನು? ಮರುವರ್ಷ ಸನ್ಮಾನವನ್ನು ಇನ್ನೂ ದೊಡ್ಡದಾಗಿ ಮಾಡಿದ. ಒಂದು ಉಪನ್ಯಾಸ ಸಾಲದೆಂದು ಎರಡು ಇಡಿಸಿದ. ಪಾದವಿಲ್ಲದ ಸುಬೇದಾರನನ್ನು ಗಾಲಿಕುರ್ಚಿಯಲ್ಲಿ ತಂದು ಮುಂದಿನ ಸಾಲಿನಲ್ಲಿ ಕೂರಿಸಿದ. ನರ್ಸ್‌ಗೆ 'ಸೇವಾ ರತ್ನ' ಎಂಬ ಬಿರುದು ಕೂಗಿಸಿದ. ಬಿರುದು ಕೂಗಿದಾಗ ಅವಳು ಅಲ್ಲಿರಲಿಲ್ಲ. ಕೆಲಸ ಬಿಟ್ಟು ಆರು ತಿಂಗಳಾಗಿತ್ತು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು. ಇಷ್ಟು ಹೇಳಿದ ಮೇಲಾದರೂ ಇವನಿಗೆ ಹೊಳೆದೀತು ಎಂದು ಅವರು ಕಾದರು.

ಚನ್ನವೀರಪ್ಪ ಕಣ್ಣೊರೆಸಿಕೊಂಡ. ಆ ಯಜಮಾನ ಎಂಥ ಮೂಢ ಎಂದು ಮರುಗಿದ. ಆಮೇಲೆ ಕೈಮುಗಿದು, "ನಮ್ಮಲ್ಲಿ ಹಾಗಾಗುವುದಿಲ್ಲ ಬುದ್ಧಿ. ನಮ್ಮ ನರ್ಸ್‌ಗಳ ಮನಸ್ಸಿಗೆ ನೆಮ್ಮದಿ ಸಿಗಲಿ ಅಂತಲೇ ಇವತ್ತು ಒಬ್ಬರನ್ನೂ ಬಿಡದೆ ಬಸ್ಸಿನಲ್ಲಿ ಕರಕೊಂಡು ಬಂದಿದ್ದೇನೆ. ನಿಮ್ಮ ದರ್ಶನಕ್ಕೆ ಬೆಳಿಗ್ಗೆಯಿಂದ ಹೊರಗೆ ಸಾಲಾಗಿ ನಿಂತಿದ್ದಾರೆ" ಎಂದ.

ಗುರುಗಳು ಕೇಳಿದರು: "ಹಾಗಾದರೆ ಆಸ್ಪತ್ರೆಯಲ್ಲಿ ಈಗ ಗಾಯ ಕಟ್ಟುತ್ತಿರುವವರು ಯಾರು?"