ಮುಕ್ಕೂಗು ಬಂಡೆ

ಗುಡದಿನ್ನಿಯ ಬಡಗಣ ದಿಕ್ಕಿಗೆ, ಜೋಳದ ಹೊಲಗಳು ಮುಗಿದು ಕಲ್ಲುಗುಂಡುಗಳ ರಾಶಿ ಶುರುವಾಗುವಲ್ಲಿ, ಒಂದು ಹೆಬ್ಬಂಡೆ ಇದೆ. ಮೇಲ್ಭಾಗ ಚಪ್ಪಟೆ; ಮುನ್ನೂರು ಜನ ಸಾಲಾಗಿ ಕೂತು ಉಣ್ಣಬಹುದು. ತೆಂಕಣ ಮಗ್ಗುಲಿಗೆ ಹತ್ತುವ ಇಕ್ಕಟ್ಟು ದಾರಿ, ಬಡಗಣ ಮಗ್ಗುಲಿಗೆ ಹೊಳೆಯ ಕಡೆ ಬಾಯಿ ತೆರೆದ ಒಂದು ಗವಿ. ರಸ್ತೆ ಬದಿಯ ಫಲಕದಲ್ಲಿ ಇದನ್ನು 'ಮುಕ್ಕೂರು ಬಂಡೆ' ಎಂದು ಬರೆದಿದ್ದಾರೆ. ಬರೆದ ಪುಣ್ಯಾತ್ಮನ ಕಿವಿ ಸರಿಯಿರಲಿಲ್ಲವೆಂದು ಕಾಣುತ್ತದೆ. ಮೂರು ಊರುಗಳು ಇಲ್ಲಿ ಎಲ್ಲಿಯೂ ಕೂಡುವುದಿಲ್ಲ. ಇನ್ನು ಕೆಲವರು ಮೂಕಬಂಡೆ ಎನ್ನುತ್ತಾರೆ, ಅದೂ ತಪ್ಪು. ಗುಡದಿನ್ನಿಯ ಹಿರಿಯರನ್ನು ಕೇಳಿದರೆ ತಡಮಾಡದೆ ಹೇಳುತ್ತಾರೆ: ಇದು ಮುಕ್ಕೂಗು ಬಂಡೆ, ಮೂರು ಕೂಗಿನ ಬಂಡೆ.

ಹಿಂದೆ ಒಮ್ಮೆ, ಹೊಳೆಯಾಚೆಯ ಸೀಮೆಗೆ ದಂಡು ಬಂತಂತೆ. ಯಾವ ಅರಸನ ದಂಡು ಎಂಬುದರಲ್ಲಿ ಹೇಳುವವರಿಗೆ ಒಮ್ಮತವಿಲ್ಲ. ಊರು ಸುಟ್ಟವನ ಹೆಸರು ಯಾವುದಾದರೇನು! ಹದಿನಾಲ್ಕು ಊರಿನ ಜನ ಉಟ್ಟ ಬಟ್ಟೆಯಲ್ಲಿ ಹೊಳೆ ದಾಟಿ ಈ ಬಂಡೆಯ ಮೇಲೆ ಬಂದು ಬಿದ್ದರು. ಇಕ್ಕಟ್ಟಿನ ದಾರಿಯನ್ನು ಸುತ್ತಲಿನ ಬೇಡರು ಕವಣೆ ಹಿಡಿದು ಕಾಯತೊಡಗಿದರು. ಉಣ್ಣಿಸಲು ಈ ದಡದ ಏಳೂರಿನವರು ಮುಂದೆ ಬಂದರು, ಮನಸ್ಸೇನೋ ದೊಡ್ಡದೇ. ಆದರೆ ಮೊದಲ ದಿನ ಏಳೂರಿನವರೂ ಬುಟ್ಟಿಗಟ್ಟಲೆ ರೊಟ್ಟಿ ತಂದರು, ಒಬ್ಬರೂ ನೀರು ತರಲಿಲ್ಲ. ಮರುದಿನ 'ಅವರು ತಂದಾರು' ಎಂದು ಎಲ್ಲರೂ ಮನೆಯಲ್ಲೇ ಉಳಿದರು. ತಂದದ್ದೂ ತೋಳ್ಬಲ ಇದ್ದವರ ಪಾಲಾಯಿತು; ಬಾಣಂತಿಯರು, ಮುದುಕರು ಬರಿಗೈಯಲ್ಲಿ ಕೂತರು.

ಆಗ ಎದ್ದು ನಿಂತವಳು ಹಾಲವ್ವ. ಗುಡದಿನ್ನಿಯ ಗುಡಿಯಲ್ಲಿ ದಾರಿಹೋಕರಿಗೆ ಅಂಬಲಿ ಕಾಸುತ್ತಿದ್ದ ವಿಧವೆ. ಮಾತು ಒರಟು, ಗಂಟಲು ಅದಕ್ಕಿಂತ ದೊಡ್ಡದು. ಅವಳು ಹಿತ್ತಲಲ್ಲಿ ಕೋಳಿ ಓಡಿಸಿದರೆ ಅಗಸಿಬಾಗಿಲಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರಂತೆ. ಏಳೂರಿನ ಹಿರಿಯರನ್ನು ಒಂದೆಡೆ ಸೇರಿಸಿ ಅವಳೇ ಕೆಲಸ ಹಂಚಿದಳು. ಒಂದೂರು ನುಚ್ಚು ತರಬೇಕು, ಒಂದೂರು ಮಜ್ಜಿಗೆ, ಒಂದೂರು ಸೌದೆ. ಕುಂಬಾರರಿದ್ದ ಊರು ಗಡಿಗೆಗಳನ್ನು, ಎತ್ತು ಹೆಚ್ಚಿದ್ದ ಎರಡೂರು ನೀರನ್ನು. ಉಳಿದ ಒಂದೂರಿನ ಹೆಂಗಸರು ಒಲೆಯ ಮುಂದೆ. ಬಂಡೆಯ ಮೇಲೆ ಹದಿನಾಲ್ಕು ಕಲ್ಲು ನೆಟ್ಟು, ಒಂದೊಂದು ಕಲ್ಲಿನ ಬಳಿ ಒಂದೊಂದು ಊರಿನವರು ಕೂರಬೇಕೆಂದಳು. ಅವಳು ಊರಿನ ಹೆಸರು ಹಿಡಿದು ಎರಡು ಸಲ ಕೂಗುವುದು, ಆ ಊರಿನ ಹಿರಿಯ 'ಓ' ಎಂದು ಎದ್ದು ತನ್ನವರ ಪಾಲನ್ನು ಗಡಿಗೆಯಲ್ಲಿ ಒಯ್ಯುವುದು, ಕೈಲಾಗದವರಿಗೆ ಮೊದಲು ಹಾಕುವುದು. ನೂಕಾಟ ಅಂದಿಗೇ ನಿಂತಿತು.

ಎರಡೇ ಸಲ ಏಕೆ ಎಂದರೆ, ಗುಡದಿನ್ನಿಯಲ್ಲಿ ಬದುಕಿದ್ದವರನ್ನು ಯಾರೂ ಮೂರು ಸಲ ಕೂಗುವುದಿಲ್ಲ. ಅಲ್ಲಿ ಮಣ್ಣು ಕೊಡುವ ಮುನ್ನ ಸತ್ತವರ ಹೆಸರನ್ನು ಮೂರು ಸಲ ಕೂಗುತ್ತಾರೆ. ಮೂರನೆಯ ಕೂಗಿಗೂ ಓಗೊಡದಿದ್ದರೆ, ಹೋದರು ಎಂದು ಒಪ್ಪಿಕೊಂಡಂತೆ. ಆ ಮೂರನೆಯ ಕೂಗನ್ನು ಹಾಲವ್ವ ತನ್ನ ಗಂಡನಿಗೆ ಒಮ್ಮೆ ಕೂಗಿದ್ದಳು. ಇನ್ನೊಮ್ಮೆ ಕೂಗುವ ದಿನ ತನಗೆ ಬಾರದಿರಲಿ ಎಂದು ದಿನವೂ ದೇವರಿಗೆ ಕೈಮುಗಿಯುತ್ತಿದ್ದಳು.

ಹದಿಮೂರು ಕಲ್ಲುಗಳ ಬಳಿ ಜನ ಕೂತರು. ಹದಿನಾಲ್ಕನೆಯ ಕಲ್ಲಿನ ಬಳಿ ಯಾರೂ ಇರಲಿಲ್ಲ. ಅದು ಮರಳಿಹಾಳದ ಕಲ್ಲು. ಹಾಲವ್ವನ ಒಬ್ಬಳೇ ಮಗಳು ಬಾಳವ್ವನನ್ನು ಕೊಟ್ಟದ್ದು ಆ ಊರಿನ ಗೌಡನ ಮನೆಗೆ. ಮರಳಿಹಾಳದವರು ಎಲ್ಲರಿಗಿಂತ ಮೊದಲೇ ಹೊಳೆಗೆ ಇಳಿದದ್ದನ್ನು ಕಂಡವರಿದ್ದರು. ದಡ ಹತ್ತಿದ್ದನ್ನು ಕಂಡವರಿರಲಿಲ್ಲ. ಹುಡುಕೋಣವೆಂದರೆ ಬಡಗಣ ಮಗ್ಗುಲಿನ ಬಯಲಲ್ಲಿ, ಮೇಲಿನಿಂದ ಕಾಣದ ಕಲ್ಲುಗುಂಡುಗಳ ಮರೆಯಲ್ಲಿ, ದಂಡಿನ ಸವಾರರು ಬೀಡು ಬಿಟ್ಟಿದ್ದರು, ಆ ಕಡೆ ಇಳಿಯಲು ಬೇಡರು ಯಾರನ್ನೂ ಬಿಡಲಿಲ್ಲ. ಹಾಲವ್ವ ದಿನವೂ ಹದಿಮೂರು ಊರುಗಳಿಗೆ ಹಾಕಿದ ಮೇಲೆ ಬಂಡೆಯ ಬಡಗಣ ಅಂಚಿಗೆ ಹೋಗಿ ನಿಲ್ಲುತ್ತಿದ್ದಳು. "ಮರಳಿಹಾಳದವರs... ಮರಳಿಹಾಳದವರs..." ಎರಡು ಕೂಗು. ಓ ಎನ್ನುವವರಿಲ್ಲ. ಆ ಊರಿನ ಗಡಿಗೆಗೆ ಮುಚ್ಚಳವಿಟ್ಟು ಸಂಜೆಯವರೆಗೆ ಕಾದು, ಹುಳಿಬಂದ ಅಂಬಲಿಯನ್ನು ತಾನೇ ಕುಡಿದು, ಬೆಳಗ್ಗೆ ಮತ್ತೆ ಹೊಸದಾಗಿ ತುಂಬಿಸುತ್ತಿದ್ದಳು.

ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ನುಚ್ಚಿನ ಗಾಡಿ ಬರಲಿಲ್ಲ, ಊರಿಗೆ ಅರ್ಧ ಗಡಿಗೆಯಲ್ಲೇ ಎಲ್ಲರೂ ಸುಧಾರಿಸಬೇಕಾಯಿತು. ಮುಚ್ಚಿಟ್ಟ ಗಡಿಗೆಯ ಮೇಲೆ ಎಲ್ಲರ ಕಣ್ಣೂ ಬಿತ್ತು, ತಪ್ಪೆನ್ನುವಂತಿರಲಿಲ್ಲ. ಕೊನೆಗೆ ಗುಡಿಯ ಪೂಜಾರಿ ಭರಮಯ್ಯಜ್ಜ ಕೋಲೂರಿಕೊಂಡು ಅವಳ ಹತ್ತಿರ ಬಂದ.

"ಹಾಲವ್ವಾ, ಇದ್ದ ಕೂಸುಗೋಳು ಅಳಾಕತ್ಯಾವು. ಇಲ್ಲದೋರ ಪಾಲು ಎಷ್ಟು ದಿನ ಮುಚ್ಚಿಡ್ತೀ? ಮೂರನೇದು ಕೂಗಿ ಬಿಡವ್ವ."

"ನನ್ನ ಬಾಯಾಗ ಅದು ಬರಂಗಿಲ್ಲೋ ಯಜ್ಜಾ."

"ಬರಬೇಕವಾ. ಮಂದಿಗೆ ನೀತಿ ಹೇಳಿದಾಕಿ ನೀನ."

ಆ ಮಾತು ಅವಳಿಗೆ ನಾಟಿತು. ಬೇರೆ ಯಾವ ತಾಯಿಯಾದರೂ ಹೀಗೆ ಒಂದು ಗಡಿಗೆ ಮುಚ್ಚಿಟ್ಟುಕೊಂಡಿದ್ದರೆ ತಾನು ಬಿಡುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಬಿಡುತ್ತಿರಲಿಲ್ಲ. ಎದ್ದು ಬಡಗಣ ಅಂಚಿಗೆ ಹೋದಳು. ನಡುಹಗಲು, ಕಲ್ಲು ಕಾದು ಕಾಲು ಸುಡುತ್ತಿತ್ತು. ಒಂದು ಕೂಗಿದಳು. ಎರಡು ಕೂಗಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಬಹಳ ಹೊತ್ತು ನಿಂತಳು. ಮೂರನೆಯದನ್ನು ಕೂಗಿದಾಗ ಆ ದೊಡ್ಡ ಗಂಟಲು ಒಡೆದು, ಊರಿನ ಹೆಸರು ಅರ್ಧಕ್ಕೇ ನಿಂತಿತು ಎನ್ನುತ್ತಾರೆ.

ಕೆಳಗಿನಿಂದ ಉತ್ತರ ಬಂತು: "ಓ... ಯವ್ವಾ!"

ಪ್ರತಿಧ್ವನಿ ಇದ್ದೀತು ಎಂದು ಈಚೆಗೆ ಓದಿದವರು ಹೇಳುವುದುಂಟು. ಇರಲಿ. ಕೂಗಿದ್ದು 'ಮರಳಿಹಾಳದವರs' ಎಂದು, ತಿರುಗಿ ಬಂದದ್ದು 'ಓ ಯವ್ವಾ' ಎಂದು. ಹಾಗೆ ಮಾತು ಬದಲಿಸುವ ಪ್ರತಿಧ್ವನಿಯನ್ನು ನಾವಂತೂ ಕೇಳಿಲ್ಲ. ಬಂಡೆಯ ಮೇಲಿದ್ದವರೆಲ್ಲರಿಗೂ ಅದು ಕೇಳಿತು, ಎಳೆಯ ಹೆಂಗಸಿನ ದನಿ. ಹಾಲವ್ವ ಸವಾರರನ್ನೂ ನೆನೆಯದೆ, ಬೇಡರು ಅಡ್ಡ ಬಂದರೂ ನಿಲ್ಲದೆ, ಕಲ್ಲುಗಳ ಮೇಲೆ ಜಾರುತ್ತ ಗವಿಯ ಕಡೆಗೆ ಇಳಿದಳು. ಬಯಲಲ್ಲಿ ಸವಾರರೇ ಇರಲಿಲ್ಲ. ಬೂದಿ ನೋಡಿದರೆ ಬೀಡು ಕಿತ್ತು ಎರಡು ದಿನವಾಗಿತ್ತು. ಎರಡು ದಿನದಿಂದ ಆ ದಾರಿ ತೆರೆದೇ ಇತ್ತು, ಯಾರಿಗೂ ಗೊತ್ತಿರಲಿಲ್ಲ.

ಗವಿಯಲ್ಲಿ ಮರಳಿಹಾಳದವರು ಇದ್ದರು. ಬಂದಾಗ ಮೂವತ್ತು ಜನ, ಉಸಿರಿದ್ದದ್ದು ಹನ್ನೊಂದು. ಕಲ್ಲಿನ ಸಂದಿಯಲ್ಲಿ ಜಿನುಗುವ ನೀರನ್ನು ನೆಕ್ಕಿ ಬದುಕಿದ್ದರು. ಬಾಗಿಲಿನಲ್ಲಿ ಬಾಳವ್ವನ ಮಾವ ಅಡಿವೆಪ್ಪಗೌಡ ಗೋಡೆಗೆ ಒರಗಿ ಕೂತಿದ್ದ. ಅವನ ಪಕ್ಕದಲ್ಲೇ ಬಾಳವ್ವ, ಮುಖದ ಮೇಲೆ ಸೆರಗು ಹೊದಿಸಿ ಮಲಗಿಸಿದ್ದರು.

"ಈಗ ಓ ಅಂದಳಲ್ಲೋ, ಬೀಗಾ! ಈಗ ನನ್ನ ಮಗಳು ಓ ಅಂದಳು!" ಎಂದು ಹಾಲವ್ವ ಸೆರಗು ಸರಿಸಿದಳು.

ಗೌಡ ಪಿಸುದನಿಯಲ್ಲಿ ಹೇಳಿದ: "ಬೀಗತಿ, ಆಕಿ ನಿನ್ನೆ ಮುಂಜಾನೆ ಹೋದಳು. ಈಗ ನಾವ್ಯಾರೂ ಓ ಅನ್ನಲಿಲ್ಲ. ಅನ್ನಾಕ ನಮಗ ದನಿ ಎಲ್ಲೈತಿ?"

ಆಮೇಲೆ ಅವನು ತಡೆತಡೆದು ಹೇಳಿದ್ದು ಇಷ್ಟು. ದಂಡಿನವರು ನೆರೆಯೂರಿನಲ್ಲಿ ಒಬ್ಬ ಹೆಂಗಸನ್ನು ಹಿಡಿದು, ಅವಳ ಕೈಯಲ್ಲೇ ಊರಿನ ಹೆಸರು ಕೂಗಿಸಿ, ಅಡಗಿದ್ದವರನ್ನು ಹೊರಗೆಳೆದಿದ್ದರು. ಅದನ್ನು ಕೇಳಿದ ಗೌಡ ತನ್ನವರಿಗೆ ಒಂದು ಗುರುತು ಹೇಳಿಕೊಟ್ಟಿದ್ದ: ಯಾರಾದರೂ ಸೆರೆಸಿಕ್ಕು ಕೂಗಬೇಕಾಗಿ ಬಂದರೆ ಎರಡೇ ಸಲ ಕೂಗಬೇಕು, ಎಲ್ಲ ಕ್ಷೇಮವಿದ್ದರೆ ಮಾತ್ರ ಮೂರನೆಯದು. ಸೆಳವಿಗೆ ಸಿಕ್ಕಿ ತಡವಾಗಿ ಹೊಳೆ ದಾಟಿ, ಸವಾರರನ್ನು ಕಂಡು ಗವಿ ಹೊಕ್ಕ ದಿನದಿಂದ ಮೇಲಿನ ಕೂಗು ಅವರಿಗೆ ಕೇಳುತ್ತಲೇ ಇತ್ತು. ದಿನವೂ ಎರಡೇ. ತಲೆಯ ಮೇಲಿನ ಬಂಡೆ ದಂಡಿನವರ ಕೈಯಲ್ಲಿದೆ, ಬೀಗತಿ ಸೆರೆಯಲ್ಲಿದ್ದಾಳೆ ಎಂದೇ ಗೌಡ ತಿಳಿದ. ಆ ಗುರುತನ್ನು ಅವಳು ಅರಿತಿರಲಾರಳೆಂದು ಅವನಿಗೆ ಹೊಳೆಯಲೇ ಇಲ್ಲ. ಹಸಿವಿನಲ್ಲಿ ಅಷ್ಟೆಲ್ಲ ಹೊಳೆಯುವುದಾದರೂ ಹೇಗೆ?

"ನಿನ್ನ ಮಗಳು ಅಂದಿದ್ಲು," ಎಂದ ಗೌಡ. "'ಮಾವಾರs, ನಮ್ಮವ್ವ ಮೂರನೇದು ಕೂಗಂಗಿಲ್ಲ. ನಮ್ಮೂರಾಗ ಅದು ಸತ್ತೋರ ಕೂಗು. ನಾ ಒಮ್ಮೆ ಓ ಅಂತೀನಿ' ಅಂತ. ನಾ ಬ್ಯಾಡ ಅಂದೆ. ಬಾಯಿ ಮ್ಯಾಲ ಕೈ ಇಟ್ಟೆ."

ಅವನು ಆ ಕೈಯನ್ನು ಮುಂದೆ ಚಾಚಿ ತೋರಿಸಿದನಂತೆ, ಅದು ತನ್ನದಲ್ಲವೇನೋ ಎಂಬಂತೆ. ಹಾಲವ್ವ ಅವನನ್ನು ಬೈಯಲಿಲ್ಲ. ಮೇಲಿಂದ ಮುಚ್ಚಿಟ್ಟ ಗಡಿಗೆಯನ್ನು ತರಿಸಿದಳು. ಹನ್ನೊಂದು ಜನಕ್ಕೂ ತನ್ನ ಕೈಯಾರೆ ಗುಟುಕು ಗುಟುಕಾಗಿ ಅಂಬಲಿ ಕುಡಿಸಿದಳು. ಕೈಲಾಗದವರಿಗೆ ಮೊದಲು ಎಂಬುದು ಅವಳದೇ ಕಟ್ಟಳೆಯಾದ್ದರಿಂದ ಗೌಡನಿಂದಲೇ ಶುರುಮಾಡಿದಳು. ಗಡಿಗೆ ಬರಿದಾದ ಮೇಲೆ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತಳು. ಮಣ್ಣು ಕೊಡುವಾಗ ಬಾಳವ್ವನ ಹೆಸರನ್ನು ಯಾರೂ ಕೂಗಲಿಲ್ಲ. ಆಗಲೇ ಓಗೊಟ್ಟಿದ್ದಾಳೆ, ಮತ್ತೆ ಕೂಗುವುದೇನು ಎಂದು ಹಾಲವ್ವನೇ ತಡೆದಳು.

ಉಳಿದವರು ಹೊಳೆ ದಾಟಿ ಊರು ಸೇರುವವರೆಗೂ ಅವಳು ಬಂಡೆಯ ಮೇಲೆಯೇ ಇದ್ದಳು. ಅಂದಿನಿಂದ ಎಲ್ಲ ಊರುಗಳನ್ನೂ ಮೂರು ಸಲ ಕೂಗಿದಳು. ಹಾಗಾಗಿ ಗುಡದಿನ್ನಿಯ ಕಟ್ಟಳೆ ತಿರುವುಮುರುವಾಯಿತು. ಈಗ ಅಲ್ಲಿ ಸತ್ತವರನ್ನು ಎರಡೇ ಸಲ ಕೂಗುತ್ತಾರೆ, ಮೂರನೆಯದು ಬದುಕಿದ್ದವರಿಗೆ.

ಇಂದಿಗೂ ಬಂಡೆಯ ಮೇಲೆ ಹದಿನಾಲ್ಕು ಕಲ್ಲುಗಳನ್ನು ಕಾಣಬಹುದು. ಒಂದೆರಡು ವಾಲಿವೆ, ಒಂದನ್ನು ಯಾರೋ ದನ ಕಟ್ಟಲು ಬಳಸುತ್ತಾರೆ. ಸುತ್ತಲಿನವರು ಹರಕೆಯ ಊಟವನ್ನು ಅಲ್ಲಿಯೇ ಮಾಡುತ್ತಾರೆ. ಬಡಿಸಿದ ಮೇಲೆ ಎಲ್ಲರಿಗಿಂತ ಹಿರಿಯ ಹೆಂಗಸು ಬಡಗಣ ಅಂಚಿಗೆ ಹೋಗಿ ಮರಳಿಹಾಳದವರನ್ನು ಮೂರು ಸಲ ಕೂಗುತ್ತಾಳೆ. ಆಮೇಲೆ ಗವಿಯಿಂದ ಮೇಲಕ್ಕೆ ಹತ್ತಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಯಾರೂ ತುತ್ತು ಎತ್ತುವುದಿಲ್ಲ, ಮಾತಾಡುವುದಿಲ್ಲ. ಮಕ್ಕಳು ಕೊಸರಾಡುತ್ತವೆ, ಸಾರು ಆರುತ್ತದೆ. ಹೊಸಬರು ಬಂದು ಬಡಗಣ ಕಡೆಯ ಸಾಲಿನಲ್ಲಿ ಖಾಲಿ ಬಿಟ್ಟ ಜಾಗದಲ್ಲಿ ಕೂರಲು ಹೋದರೆ, ಪಕ್ಕದಲ್ಲಿದ್ದವರು ಮೆಲ್ಲಗೆ ಕೈಹಿಡಿದು ಈಚೆಗೆ ಕೂರಿಸಿಕೊಳ್ಳುತ್ತಾರೆ. ಅಲ್ಲಿ ಬಡಿಸಿಟ್ಟ ಎಲೆ ಇರುತ್ತದೆ.