ನಿರ್ದೇಶಕರ ಮೂರನೇ ಕಾಲ

ದೊಡ್ಡದೆಲ್ಲ ಒಳ್ಳೆಯದು ಎಂದುಕೊಂಡವರ ಕೈಗೆ ಪ್ರಯೋಗಾಲಯ ಸಿಕ್ಕರೆ ಏನಾಗುತ್ತದೆ, ಕೇಳಿ.

ನಮ್ಮ ಪ್ರಯೋಗಕ್ಕೆ ಕಾಲವನ್ನು ಬಹಳ ನಿಖರವಾಗಿ ಅಳೆಯಬೇಕಿತ್ತು. ಗಡಿಯಾರದ ಮಿಡಿತವನ್ನು ಹಲವು ಪಟ್ಟು ಹೆಚ್ಚಿಸುವ ಮಲ್ಟಿಪ್ಲೈಯರ್ ತರಿಸಬೇಕಿತ್ತು. ಹತ್ತು ಪಟ್ಟು ಸಾಕು ಅಂದಳು ನಮ್ಮ ಟೆಕ್ನಿಷಿಯನ್ ಇಂದ್ರಾಣಿ. ನೂರು ಪಟ್ಟಿನದೇ ಬರಲಿ ಅಂದರು ನಿರ್ದೇಶಕ ಶೇಷಾಚಾರ್.

"ನಮ್ಮ ಗಡಿಯಾರದ ಮಿಡಿತ ಸ್ವಲ್ಪ ನಡುಗುತ್ತೆ ಸರ್. ಪಟ್ಟು ಹೆಚ್ಚಿದಷ್ಟೂ ಆ ನಡುಕ ಎದ್ದು ಕಾಣುತ್ತೆ."

"ದುಡ್ಡು ಕೊಡೋ ಸಮಿತಿಯವರ ಮುಂದೆ ಹತ್ತು ಅನ್ನೋಕೆ ನನಗೆ ನಾಚಿಕೆ. ಪ್ರಯೋಗ ಕೆಟ್ಟರೆ ಜವಾಬ್ದಾರಿ ನಿಮ್ದೇ ಕಣಮ್ಮ."

ಹಟ ಇವರದು, ತಪ್ಪು ಅವಳ ತಲೆಗೆ. ನನಗಂತೂ ಮೈಯೆಲ್ಲ ಉರಿಯಿತು. ಇಂದ್ರಾಣಿ ಮಾತ್ರ ನಕ್ಕಳು.

"ಹೋಗಲಿ ಬಿಡಿ ಸರ್. ವಾರ್ಷಿಕೋತ್ಸವದಲ್ಲಿ ನೀವು ಹಾಡಿದ ವರ್ಣ ಇನ್ನೊಮ್ಮೆ ಕೇಳಬೇಕು ಅನ್ನಿಸ್ತಿದೆ."

ಶೇಷಾಚಾರ್ ಉಬ್ಬಿಹೋದರು. ಮೇಜಿನ ಮೇಲೆ ತಾಳ ಹಾಕುತ್ತಾ ನಿಧಾನವಾಗಿ ಹಾಡಿದರು. ನಾವೆಲ್ಲ ತಲೆದೂಗಿದೆವು.

"ಈಗ ತಾಳ ಹಾಗೇ ಇರಲಿ ಸರ್, ಸ್ವರ ನಾಲ್ಕು ಪಟ್ಟು ವೇಗವಾಗಲಿ. ಮೂರನೇ ಕಾಲ."

ಎರಡನೇ ಸಾಲಿಗೇ ಸ್ವರ ಒಂದು ಕಡೆ, ಕೈ ಒಂದು ಕಡೆ. ಶೇಷಾಚಾರ್ ಮೇಜನ್ನೇ ದುರುಗುಟ್ಟಿ ನೋಡಿದರು.

"ಈಗ ಯಾಕೋ ತಾಳ ತಪ್ಪಿತು."

"ಈಗಲ್ಲ ಸರ್. ಮೊದಲಿಂದಲೂ ಇಷ್ಟೇ ನಡುಗ್ತಿತ್ತು, ನಿಧಾನಕ್ಕೆ ಹಾಡಿದಾಗ ಗೊತ್ತಾಗಲಿಲ್ಲ. ಇದು ಬರೀ ನಾಲ್ಕು ಪಟ್ಟು. ನೂರಕ್ಕೆ ಹೋಗೋಣವಾ?"

ಹತ್ತು ಪಟ್ಟಿನದೇ ಬಂತು. ಈ ವರ್ಷದ ವಾರ್ಷಿಕೋತ್ಸವದಲ್ಲಿ ಶೇಷಾಚಾರ್ ಹಾಡಲಿಲ್ಲ. ಭಾಷಣ ಮಾಡಿದರು, ಅದನ್ನೂ ಬಹಳ ನಿಧಾನವಾಗಿ.